ನಿದ್ದೆ ಬಾರದವರ ಪಟ್ಟಿ

"ಈ ಪಟ್ಟಿ ಯಾರ್ಯಾರ ಕಣ್ಣಿಗೆ ಬಿದ್ದಿದೆ?"

ಇನ್ಸ್‌ಪೆಕ್ಟರ್ ಕಾಗದವನ್ನು ಮೇಜಿನ ಮೇಲಿಟ್ಟು, ಅದು ಹಾರಿಹೋಗದಂತೆ ಒಂದು ಬೆರಳಿನಿಂದ ಒತ್ತಿ ಹಿಡಿದಿದ್ದರು. ಹಾಗೆ ಹಿಡಿಯುವ ಅಗತ್ಯವೇನೂ ಇರಲಿಲ್ಲ. ಆ ಪುಟ್ಟ ಕೋಣೆಯ ಫ್ಯಾನ್ ಕೆಟ್ಟು ಎಷ್ಟೋ ದಿನಗಳಾಗಿದ್ದವು.

ಎದುರಿಗೆ ಕೂತಿದ್ದವರು ಶಾಲೆಯ ಆಪ್ತಸಮಾಲೋಚಕಿ. ಮಕ್ಕಳ ಬಾಯಲ್ಲಿ ಅವರು 'ಸಮಾಧಾನ ಮಿಸ್'. ಇವತ್ತು ಅವರ ಮುಖದಲ್ಲಿ ಅದೊಂದನ್ನು ಬಿಟ್ಟು ಬೇರೆಲ್ಲವೂ ಇತ್ತು.

"ನಾನು, ಹೆಡ್‌ಮಾಸ್ಟರು. ಇಬ್ಬರೇ ಮೇಡಂ. ಬೀರುವಿನಲ್ಲಿಟ್ಟು ಬೀಗ ಹಾಕಿದ್ದೆ."

"ಬೀಗದ ಕೈ?"

"ನನ್ನ ಪರ್ಸಿನಲ್ಲಿ."

"ಪರ್ಸು?"

ಸಮಾಧಾನ ಮಿಸ್ ತಲೆ ತಗ್ಗಿಸಿದರು. "ಕುರ್ಚಿಗೆ ನೇತುಹಾಕಿರ್ತೀನಿ."

ಬಾಗಿಲ ಬಳಿ ನಿಂತಿದ್ದ ದಫೇದಾರರು ಕೆಮ್ಮಿದರು. ನಗು ತಡೆಯಬೇಕಾದಾಗಲೆಲ್ಲ ಅವರಿಗೆ ಕೆಮ್ಮು ಬರುತ್ತಿತ್ತು. ಇನ್ಸ್‌ಪೆಕ್ಟರ್ ಒಮ್ಮೆ ತಿರುಗಿ ನೋಡಿದ್ದೇ ತಡ, ಕೆಮ್ಮು ವಾಸಿಯಾಯಿತು.

ಪಟ್ಟಿಯಲ್ಲಿ ಹದಿನಾಲ್ಕು ಹೆಸರುಗಳಿದ್ದವು. ಆರು ತಿಂಗಳ ಹಿಂದೆ ಒಂಬತ್ತು ಮತ್ತು ಹತ್ತನೆಯ ತರಗತಿಯ ಮಕ್ಕಳಿಗೆಲ್ಲ ಸಮಾಧಾನ ಮಿಸ್ ಒಂದು ಪ್ರಶ್ನೆಪತ್ರಿಕೆ ಹಂಚಿದ್ದರು. ನಿದ್ದೆ ಬರುತ್ತದೆಯೇ? ಊಟ ರುಚಿಸುತ್ತದೆಯೇ? ಮೊದಲು ಇಷ್ಟವಾಗುತ್ತಿದ್ದ ಆಟ, ಹಾಡು, ಗೆಳೆಯರು ಈಗಲೂ ಇಷ್ಟವೇ? ನಾನಿಲ್ಲದಿದ್ದರೆ ಯಾರಿಗೂ ಏನೂ ಆಗುವುದಿಲ್ಲ ಎಂದು ಅನ್ನಿಸಿದ್ದುಂಟೇ? ಉತ್ತರಗಳನ್ನು ಓದಿ ಅವರು ಆರಿಸಿ ತೆಗೆದ ಮಕ್ಕಳು ಇವರು.

ಮೂರು ವಾರಗಳ ಹಿಂದೆ, ಬೆಳಗ್ಗೆ ಹಾಸಿಗೆಯಿಂದ ಏಳದೇ ಹೋದ 'ಗೋಲಿ', ಶಾಲೆಯ ಫುಟ್‌ಬಾಲ್ ತಂಡದ ಗೋಲ್‌ಕೀಪರ್, ಪಟ್ಟಿಯಲ್ಲಿ ಮೂರನೆಯವನು. ನಾಲ್ಕು ದಿನಗಳ ಹಿಂದೆ ಗ್ರಂಥಾಲಯದ ಮೆಟ್ಟಿಲ ಮೇಲೆ ಪ್ರಜ್ಞೆ ತಪ್ಪಿ ಬಿದ್ದು, ಇನ್ನೂ ಕಣ್ಣು ತೆರೆಯದ 'ಗುಬ್ಬಿ' ಒಂಬತ್ತನೆಯವಳು. ಅವನ ಜೇಬಿನಲ್ಲೂ ಅವಳ ಜಾಮಿಟ್ರಿ ಬಾಕ್ಸಿನಲ್ಲೂ ಸಿಕ್ಕಿದ್ದು ಒಂದೇ ಬಗೆಯ ಬಿಳಿ ನಿದ್ದೆ ಮಾತ್ರೆ.

"ನಿನ್ನೆ ಇನ್ನೂ ಮೂರು ಮಕ್ಕಳ ಚೀಲದಲ್ಲಿ ಅದೇ ಮಾತ್ರೆ ಸಿಕ್ತು," ಇನ್ಸ್‌ಪೆಕ್ಟರ್ ಹೇಳಿದರು. "ಮೂವರೂ ಬಾಯಿ ಬಿಡ್ತಿಲ್ಲ. ಆದರೆ ಮೂವರೂ ನಿಮ್ಮ ಪಟ್ಟಿಯವರೇ. ಪಟ್ಟಿಯಿಂದ ಹೊರಗಿನ ಒಂದು ಮಗುವಿನ ಹತ್ರಾನೂ ಇಲ್ಲ. ಯಾರೋ ಇದನ್ನ ಕೈಯಲ್ಲಿ ಹಿಡ್ಕೊಂಡು ಹೆಸರು ನೋಡಿ ನೋಡಿ ಹಂಚಿದ ಹಾಗಿದೆ."

"ನನ್ನ ಮೇಲೆ ಅನುಮಾನವಾ?"

"ಸದ್ಯಕ್ಕೆ ನನ್ನ ಮೇಲೇ ನನಗೆ ಅನುಮಾನ. ಮೂರು ವಾರ ಆಯ್ತು, ಏನೂ ಹೊಳೀತಿಲ್ಲ."

ಸಮಾಧಾನ ಮಿಸ್ ದನಿಯಲ್ಲಿ ಈಗ ಹೆದರಿಕೆ ಇರಲಿಲ್ಲ, ಸಿಟ್ಟಿತ್ತು.

"ಮೇಡಂ, ಮಾತ್ರೆ ಕೊಟ್ಟವರನ್ನ ಹಿಡೀರಿ. ಅದು ನಿಮ್ಮ ಕೆಲಸ. ಆದರೆ ಎಲ್ಲರೂ ಒಂದು ತಪ್ಪು ಮಾಡ್ತಿದ್ದಾರೆ. ಈ ಮಕ್ಕಳು ಮಾತ್ರೆ ತಗೊಂಡು ಮಂಕಾಗಿದ್ದಲ್ಲ. ಮಂಕು ಕವಿದು ತಿಂಗಳುಗಟ್ಟಲೆ ಆದ ಮೇಲೆ ಮಾತ್ರೆ ಸಿಕ್ಕಿದ್ದು. ಆರು ತಿಂಗಳ ಹಿಂದೇನೇ ಬರೆದು ತಿಳಿಸಿದ್ರು ಪಾಪ, ಅವರ ಕೈಯಾರೆ. ನಾವು ಓದಿ ಬೀರುವಿನಲ್ಲಿಟ್ವಿ."

"ಮನೆಯವರಿಗೆ ಹೇಳಲಿಲ್ವಾ?"

"ಹದಿನಾಲ್ಕು ಮನೆಗೂ ಚೀಟಿ ಕಳಿಸಿದೆ, ಒಮ್ಮೆ ಬಂದು ಮಾತಾಡಿ ಅಂತ. ಬಂದವರು ಇಬ್ಬರು." ಅವರು ಕೆಳಗಿನ ಖಾನೆಯಿಂದ ಒಂದು ಫೈಲು ತೆಗೆದು ಮೇಜಿನ ಮೇಲೆ ಸರಿಸಿದರು. "ಉಳಿದವರ ಉತ್ತರ ಇಲ್ಲಿದೆ."

ಇನ್ಸ್‌ಪೆಕ್ಟರ್ ಒಂದೊಂದೇ ತಿರುವಿದರು. 'ನಮ್ಮ ಮಗ ಚೆನ್ನಾಗಿದ್ದಾನೆ, ದಯವಿಟ್ಟು ಅವನ ತಲೆ ಕೆಡಿಸಬೇಡಿ.' 'ಈ ವಯಸ್ಸಿನಲ್ಲಿ ಎಲ್ಲರೂ ಹೀಗೇ.' 'ಮೊಬೈಲ್ ಕಿತ್ತುಕೊಂಡಿದ್ದೇವೆ, ಸರಿಹೋಗುತ್ತಾಳೆ.'

ಏಳನೆಯ ಉತ್ತರದ ಹತ್ತಿರ ಅವರ ಕೈ ನಿಂತಿತು.

ಅದು ನೋಟ್‌ಬುಕ್ಕಿನ ಹಾಳೆಯಾಗಿರಲಿಲ್ಲ. ಕಂದು ಬಣ್ಣದ ದಪ್ಪ ಕಾಗದ. ಹಿಂಬದಿಯಲ್ಲಿ ತೋಳಿನ ಅಳತೆಯ ಗೆರೆಗಳು. ಮುಂದೆ ಗುಂಡನೆಯ ಅಕ್ಷರಗಳಲ್ಲಿ ಎರಡೇ ಸಾಲು: 'ಅಂಗಡಿ ಬಿಟ್ಟು ಬರಲಾಗುವುದಿಲ್ಲ. ಅಪ್ಪನನ್ನು ನೆನೆಸಿಕೊಂಡು ಹಾಗಿರುತ್ತಾಳೆ, ನಾನು ನೋಡಿಕೊಳ್ಳುತ್ತೇನೆ.' ಕೆಳಗೆ ಗುಬ್ಬಿಯ ತಾಯಿಯ ಸಹಿ.

ಇನ್ಸ್‌ಪೆಕ್ಟರ್ ನೋಡುತ್ತಿದ್ದುದು ಅಕ್ಷರಗಳನ್ನಲ್ಲ, ಕಾಗದದ ಅಂಚನ್ನು. ಗರಗಸದ ಹಲ್ಲಿನ ಹಾಗೆ ಅಂಕುಡೊಂಕಾಗಿ ಕತ್ತರಿಸಿದ ಅಂಚು.

"ದಫೇದಾರರೇ, ಆ ಕವರ್ ಕೊಡಿ."

ಪಾರದರ್ಶಕ ಕವರಿನೊಳಗೆ ಮಾತ್ರೆಯ ಹಾಳೆಯ ತುಂಡುಗಳಿದ್ದವು. ಒಂದೊಂದರಲ್ಲಿ ಎರಡೆರಡು ಮಾತ್ರೆ. ಎಲ್ಲ ತುಂಡುಗಳ ಅಂಚೂ ಹಾಗೇ, ಹಲ್ಲು ಹಲ್ಲು. ಒಂದು ತುಂಡನ್ನು ಕಾಗದದ ಪಕ್ಕಕ್ಕಿಟ್ಟು ಅವರು ಬಗ್ಗಿ ಎಣಿಸಿದರು. ಐದು ಹಲ್ಲು ಚೂಪು, ಆರನೆಯದು ಮೊಂಡು. ಕಾಗದದಲ್ಲೂ ಐದು ಚೂಪು, ಆರನೆಯದು ಮೊಂಡು.

"ಜೀಪ್ ತೆಗೀರಿ," ಎಂದರು.

* * *

ಗುಬ್ಬಿಯ ತಾಯಿಯ ಹೊಲಿಗೆ ಅಂಗಡಿಯೆಂದರೆ ಮನೆಯ ಮುಂದಿನ ಕೋಣೆಯೇ. ಎರಡು ಯಂತ್ರ, ಇಸ್ತ್ರಿ ಮೇಜು, ಗೋಡೆಗೆ ಹೊಡೆದ ಮೊಳೆಗಳಲ್ಲಿ ಅರ್ಧ ಮುಗಿದ ಶಾಲಾ ಸಮವಸ್ತ್ರಗಳು. ನೆಲದ ಮೇಲೆ ದಾರದ ಚೂರುಗಳು. ಒಳಗಿನ ಬಾಗಿಲಿಗೆ ಅಡ್ಡವಾಗಿ ಗುಬ್ಬಿಯ ಸೈಕಲ್ಲು. ಗಾಳಿಯಿಲ್ಲದೆ ಎರಡೂ ಟೈರು ನೆಲಕ್ಕಂಟಿದ್ದವು.

ತಾಯಿ ಹೊಲಿಯುತ್ತಿದ್ದಳು. ಪೊಲೀಸರನ್ನು ಕಂಡೂ ಕಾಲು ನಿಲ್ಲಿಸಲಿಲ್ಲ.

"ಐಸಿಯು ಒಳಗೆ ಬಿಡೋದು ನಾಲ್ಕು ಗಂಟೆಗೆ," ಕೇಳದೆಯೇ ಹೇಳಿದಳು. "ಅಲ್ಲೀವರೆಗೆ ಕೈ ಖಾಲಿ ಇದ್ರೆ ಹುಚ್ಚು ಹಿಡಿಯುತ್ತೆ ಮೇಡಂ. ಮಗಳು ಹಾಗಿರೋವಾಗ ಮಿಷನ್ ತುಳೀತಾಳೆ ನೋಡು ಅಂತ ಬೀದಿಯವರು ಆಡ್ಕೊಳ್ತಿದ್ದಾರೆ. ಆಡ್ಕೊಳ್ಳಲಿ."

"ನಿಮ್ಮ ಹಲ್ಲಿನ ಕತ್ತರಿ ಎಲ್ಲಿದೆ?"

"ಯಾಕೆ?"

"ಒಂದು ಚಿಂದಿ ಕತ್ತರಿಸಿ ತೋರಿಸಿ."

ಮೇಜಿನ ಮೇಲೆ ಬಿದ್ದಿದ್ದ ಕತ್ತರಿಯನ್ನೆತ್ತಿ ಅವಳು ನೀಲಿ ಬಟ್ಟೆಯ ಚೂರೊಂದನ್ನು ಕತ್ತರಿಸಿದಳು. ಇನ್ಸ್‌ಪೆಕ್ಟರ್ ಅದನ್ನು ಬೆಳಕಿಗೆ ಹಿಡಿದರು. ಐದು ಚೂಪು, ಒಂದು ಮೊಂಡು.

"ಕೆಳಗೆ ಬಿದ್ದು ಒಂದು ಹಲ್ಲು ಮುರಿದಿದೆ," ತಾಯಿ ಅಂದಳು. "ಸಾಣೆಗೆ ಕೊಡಬೇಕು ಅಂತ..."

ಇನ್ಸ್‌ಪೆಕ್ಟರ್ ಮಾತ್ರೆಯ ತುಂಡುಗಳಿದ್ದ ಕವರನ್ನು ಬಟ್ಟೆಯ ಪಕ್ಕದಲ್ಲಿಟ್ಟರು.

ಯಂತ್ರದ ಸದ್ದು ನಿಂತಿತು.

"ಏನು ಹೇಳ್ತಿದ್ದೀರಾ?" ತಾಯಿ ಎದ್ದು ನಿಂತಳು. ಕುರ್ಚಿ ಹಿಂದಕ್ಕೆ ಬಿತ್ತು. "ನನ್ನ ಮಗಳಿಗೆ ನಾನೇ ವಿಷ ಹಾಕಿದೆ ಅಂತಾನಾ? ಆ ಹುಡುಗನ್ನೂ ನಾನೇ ಕೊಂದೆ ಅಂತಾನಾ? ಹೊರಡಿ ಮೊದಲು! ಯೂನಿಫಾರಂ ಹಾಕ್ಕೊಂಡ ಮಾತ್ರಕ್ಕೆ ಬಾಯಿಗೆ ಬಂದಿದ್ದು ಹೇಳಬಹುದು ಅಂದ್ಕೊಂಡ್ರಾ?"

"ನಾನಿನ್ನೂ ಏನೂ ಹೇಳಿಲ್ಲಮ್ಮ."

"ಹೇಳೋದೇನು ಬಾಕಿ ಇದೆ?"

"ಕೇಳೋದು ಬಾಕಿ ಇದೆ." ಇನ್ಸ್‌ಪೆಕ್ಟರ್ ಬಗ್ಗಿ ಕುರ್ಚಿಯನ್ನು ಎತ್ತಿ ನಿಲ್ಲಿಸಿದರು. "ಈ ಮನೆಯಲ್ಲಿ ನಿದ್ದೆ ಮಾತ್ರೆ ಯಾರದು?"

ತಾಯಿಯ ಕಣ್ಣು ತನಗೇ ಅರಿವಿಲ್ಲದೆ ಒಂದು ಕಡೆ ಹೋಗಿ ಬಂತು. ದಫೇದಾರರು ಅದೇ ದಿಕ್ಕಿಗೆ ನಡೆದು, ಗುಂಡಿಗಳ ಖಾನೆಯನ್ನು ಎಳೆದರು. ಬಣ್ಣಬಣ್ಣದ ಗುಂಡಿಗಳ ನಡುವೆ ಒಂದು ಚಪ್ಪಟೆ ತಗಡಿನ ಡಬ್ಬಿ. ಒಳಗೆ ವೈದ್ಯರ ಚೀಟಿ, ಅರ್ಧ ಕತ್ತರಿಸಿದ ಮಾತ್ರೆಯ ಹಾಳೆ.

ಅವಳು ಕೂತಳು. ಕೂತಳು ಅನ್ನುವುದಕ್ಕಿಂತ ಕುಸಿದಳು.

"ನನ್ನದೇ. ಯಜಮಾನರು ಹೋದ ಮೇಲೆ ಡಾಕ್ಟರು ಬರೆದುಕೊಟ್ಟಿದ್ದು. ಎರಡು ವರ್ಷ ಆಯ್ತು."

"ಮಗಳ ಕೈಗೆ ಹೇಗೆ ಹೋಯ್ತು?"

ಹೊರಗೆ ಬೀದಿಯಲ್ಲಿ ಯಾವುದೋ ವ್ಯಾನು ಹಿಂದಕ್ಕೆ ಬರುವಾಗ ಮಾಡುವ ಕೀಂ ಕೀಂ ಸದ್ದು ಮಾಡುತ್ತಿತ್ತು. ಅದು ನಿಲ್ಲುವವರೆಗೂ ಇನ್ಸ್‌ಪೆಕ್ಟರ್ ಕಾದರು.

"ನಾನೇ ಕೊಟ್ಟೆ ಮೇಡಂ."

"ಯಾವಾಗ?"

"ಪರೀಕ್ಷೆ ಹಿಂದಿನ ದಿನ. ಒಂದು ವಾರದಿಂದ ಅವಳು ಕಣ್ಣು ಮುಚ್ಚಿರಲಿಲ್ಲ. ಸುಮ್ಮನೆ ಗೋಡೆ ಕಡೆ ಮುಖ ಮಾಡಿ ಮಲಗಿರ್ತಾ ಇದ್ಲು. ಅರ್ಧ ಮಾತ್ರೆ ಕೊಟ್ಟೆ. ಅಮ್ಮ ಅಲ್ವಾ ಮೇಡಂ, ನೋಡೋಕಾಗಲಿಲ್ಲ." ಅವಳು ಸೆರಗಿನಿಂದ ಬಾಯಿ ಒರೆಸಿಕೊಂಡಳು. "ಬೆಳಗ್ಗೆ ಎದ್ದು ನನ್ನ ನೋಡಿ ನಕ್ಕಳು. ಅಮ್ಮಾ, ತಲೆಯೊಳಗಿನ ಸದ್ದು ನಿಂತಿತ್ತು ಅಂದ್ಲು. ಎಷ್ಟೋ ತಿಂಗಳಾದ ಮೇಲೆ ನಕ್ಕಿದ್ದು ಅವಳು. ನನಗೆ ಖುಷಿಯಾಯ್ತು. ಖುಷಿಯಾಯ್ತಲ್ಲಾ ನನಗೆ!"

"ಯಾವ ಸದ್ದು ಅಂತ ಕೇಳಿದ್ರಾ?"

"ಇಲ್ಲ."

"ಆಮೇಲೆ ಡಬ್ಬಿಯಲ್ಲಿ ಕಮ್ಮಿಯಾಗೋಕೆ ಶುರುವಾಯ್ತು."

"ನನಗೇ ಮರೆವು, ಎರಡೆರಡು ಸಲ ತಗೊಳ್ತಿದ್ದೀನೇನೋ ಅಂದ್ಕೊಂಡೆ..." ಮಾತು ಅರ್ಧಕ್ಕೇ ತಡೆಯಿತು. "ಇಲ್ಲ ಮೇಡಂ, ಸುಳ್ಳು ಹೇಳ್ತಿದ್ದೀನಿ. ಗೊತ್ತಿತ್ತು. ಕೇಳಿದ್ರೆ ಎಲ್ಲಿ ಹೌದು ಅಂದುಬಿಡ್ತಾಳೋ ಅಂತ ಭಯ. ಇಲ್ಲಾ ಅಂದ್ರೂ ಭಯ. ಡಾಕ್ಟರ ಹತ್ರ ಹೋಗಿ ಖಾಲಿಯಾಯ್ತು, ಮತ್ತೆ ಬರೆದುಕೊಡಿ ಅಂತ ಕೇಳೋದು ಸುಲಭ ಇತ್ತು."

ಅವಳು ಯಂತ್ರದ ಕೆಳಗಿನಿಂದ ಒಂದು ಉದ್ದನೆಯ ಪುಸ್ತಕ ತೆಗೆದಳು. ಗಿರಾಕಿಗಳ ಅಳತೆ ಪುಸ್ತಕ. ಒಂದು ಪುಟ ಬಿಡಿಸಿ ಇನ್ಸ್‌ಪೆಕ್ಟರ್ ಕಡೆ ತಿರುಗಿಸಿದಳು. ಮೇಲೆ 'ಗುಬ್ಬಿ' ಎಂದು ಬರೆದು, ಪಕ್ಕದಲ್ಲೊಂದು ಪುಟ್ಟ ಹಕ್ಕಿಯ ಚಿತ್ರ. ಅದು ಮಗಳದೇ ಕೈಚಳಕವಿರಬೇಕು. ಕೆಳಗೆ ಸೊಂಟದ ಸುತ್ತಳತೆ: ಇಪ್ಪತ್ತಾರು. ಅದನ್ನು ಹೊಡೆದು ಇಪ್ಪತ್ತೈದು. ಮತ್ತೆ ಹೊಡೆದು ಇಪ್ಪತ್ತನಾಲ್ಕು. ಕೊನೆಗೆ ಇಪ್ಪತ್ತೆರಡೂವರೆ.

"ಐದು ತಿಂಗಳಲ್ಲಿ ಮೂರು ಸಲ ಸ್ಕರ್ಟ್ ಬಿಗಿ ಮಾಡಿದ್ದೀನಿ. ಈ ಕೈಯಲ್ಲೇ. ಟೇಪ್ ಹಿಡಿದು ಅಳೆದು ಬರೆದಿದ್ದೀನಿ. ಬೇರೆಯವರ ಮಕ್ಕಳಾಗಿದ್ರೆ, ಏನಮ್ಮಾ ಹುಷಾರಿಲ್ವಾ ಅಂತ ಕೇಳ್ತಿದ್ದೆ."

ದಫೇದಾರರು ಕಿಟಕಿಯ ಕಡೆ ತಿರುಗಿಕೊಂಡರು. ಈ ಸಲ ಅವರಿಗೆ ಕೆಮ್ಮು ಬರಲಿಲ್ಲ.

"ಗೋಲಿ ಅನ್ನೋ ಹುಡುಗ ಈ ಮನೆಗೆ ಬರ್ತಿದ್ನಾ?" ಇನ್ಸ್‌ಪೆಕ್ಟರ್ ಮೆಲ್ಲಗೆ ಕೇಳಿದರು.

"ಅವನನ್ನ ನಾನು ನೋಡೇ ಇಲ್ಲ. ಯಜಮಾನರಾಣೆ."

ಅದು ಸುಳ್ಳಲ್ಲ ಎಂದು ಇನ್ಸ್‌ಪೆಕ್ಟರಿಗೆ ಅನ್ನಿಸಿತು. ಮಾತ್ರೆ ಈ ಮನೆಯಿಂದ ಹೊರಟದ್ದು ಖಚಿತವಾಯಿತು. ಆದರೆ ಬೀಗ ಹಾಕಿಟ್ಟ ಪಟ್ಟಿಯ ಮಕ್ಕಳನ್ನೇ ಅದು ಹುಡುಕಿಕೊಂಡು ಹೋದದ್ದು ಹೇಗೆ?

ಅಷ್ಟರಲ್ಲಿ ತಾಯಿಯ ಫೋನು ಬಡಿದುಕೊಂಡಿತು. ಆಸ್ಪತ್ರೆಯಿಂದ. ಅವಳು ಕಿವಿಗಿಟ್ಟುಕೊಂಡು ಕೇಳಿದಳು, ಫೋನನ್ನು ಇನ್ಸ್‌ಪೆಕ್ಟರ್ ಕೈಗೆ ಕೊಟ್ಟುಬಿಟ್ಟಳು.

ಗುಬ್ಬಿ ಕಣ್ಣು ತೆರೆದಿದ್ದಳು.

* * *

"ಐದು ನಿಮಿಷ," ಡಾಕ್ಟರು ಖಡಾಖಂಡಿತವಾಗಿ ಹೇಳಿದರು. "ಅವಳು ಸುಸ್ತಾದ್ರೆ ಅಲ್ಲಿಗೇ ನಿಲ್ಲಿಸಬೇಕು. ತಾಯಿ ಜೊತೆಗಿರಲಿ."

ಹಾಸಿಗೆಯಲ್ಲಿ ಹುಡುಗಿ ಇದ್ದಾಳೆಂದು ತಿಳಿಯಬೇಕಾದರೆ ಹತ್ತಿರ ಹೋಗಬೇಕಿತ್ತು. ಹೊದಿಕೆ ಅಷ್ಟು ಚಪ್ಪಟೆಯಾಗಿತ್ತು. ತಾಯಿ ಹೋಗಿ ಅವಳ ಪಾದ ಹಿಡಿದುಕೊಂಡು ನಿಂತಳು. ಮುಖದ ಹತ್ತಿರ ಹೋಗುವ ಧೈರ್ಯ ಬಂದಿರಲಿಲ್ಲ.

ಇನ್ಸ್‌ಪೆಕ್ಟರ್ ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡು ಕೂತರು.

"ನಿನಗೆ ಬೈಯೋಕೆ ಬಂದಿಲ್ಲ ಮಗಳೇ. ಗೋಲಿಗೆ, ಉಳಿದವರಿಗೆ, ಆ ಮಾತ್ರೆ ಯಾರು ಕೊಟ್ರು ಅಂತ ಗೊತ್ತಾ?"

"ನಾನೇ." ದನಿ ಒಣಗಿತ್ತು. "ನಾನೇ ಕೊಟ್ಟೆ ಆಂಟಿ."

ಪಾದ ಹಿಡಿದಿದ್ದ ತಾಯಿ ತಲೆಯೆತ್ತಿ ಮಗಳನ್ನು ನೋಡಿದಳು.

"ಮಿಸ್ ಹತ್ರ ಇದ್ದ ಪಟ್ಟಿ ನೋಡಿದ್ಯಾ?"

"ಯಾವ ಪಟ್ಟಿ?" ಗುಬ್ಬಿಗೆ ನಿಜಕ್ಕೂ ಅರ್ಥವಾಗಲಿಲ್ಲ.

"ಮತ್ತೆ ಅವರೇ ಅಂತ ಹೇಗೆ ಗೊತ್ತಾಯ್ತು?"

"ಗೊತ್ತಾಗುತ್ತೆ. ಕ್ಲಾಸಲ್ಲಿ ಎಲ್ಲರೂ ನಕ್ಕ ಮೇಲೆ ಅವರು ನಗ್ತಾರೆ. ಸ್ವಲ್ಪ ತಡವಾಗಿ. ನಾನೂ ಹಾಗೇ ನಗೋದು." ಅವಳು ಉಸಿರೆಳೆದುಕೊಂಡಳು. "ನನಗೆ ಒಂದಿನ ನಿದ್ದೆ ಬಂತಲ್ಲ, ಅವರಿಗೂ ಬರಲಿ ಅಂತ ಕೊಟ್ಟೆ. ಎರಡೆರಡೇ."

ಹದಿನಾಲ್ಕು ಮಕ್ಕಳನ್ನು ಗುರುತಿಸಲು ಒಂದು ಶಾಲೆಗೆ ಪ್ರಶ್ನೆಪತ್ರಿಕೆ ಬೇಕಾಗಿತ್ತು. ಈ ಹುಡುಗಿಗೆ ಬೇಕಾಗಿರಲಿಲ್ಲ.

"ಗೋಲಿ ನನ್ನಿಂದ ಸತ್ತ," ಅಂದಳು ಗುಬ್ಬಿ. ಕಣ್ಣಂಚಿನಿಂದ ನೀರು ಕಿವಿಯ ಕಡೆಗೆ ಇಳಿಯಿತು. "ಎರಡು ಮಾತ್ರೆಗೆ ಸಾಯ್ತಾರಾ ಅಂತ ಪುಸ್ತಕದಲ್ಲಿ ನೋಡೋಣ ಅಂತ ಲೈಬ್ರರಿಗೆ ಹೋದೆ. ಆ ಪುಸ್ತಕ ಯಾರೋ ತಗೊಂಡು ಹೋಗಿದ್ರು. ಆಮೇಲೆ ಬದುಕಿರೋಕೆ ನಾಚಿಕೆಯಾಯ್ತು."

ತಾಯಿ ಆಗ ಪಾದ ಬಿಟ್ಟು ಮುಂದಕ್ಕೆ ಬಂದು, ಮಗಳ ಹಣೆಗೆ ಹಣೆ ಹಚ್ಚಿದಳು.

ಇನ್ಸ್‌ಪೆಕ್ಟರ್ ಜೇಬಿನಲ್ಲಿ ಫೋನು ನಡುಗಿತು. ಅವರು ಎದ್ದು ಬಾಗಿಲ ಹೊರಗೆ ನಿಂತರು. ಕತ್ತರಿ ಮತ್ತು ಡಬ್ಬಿಯನ್ನು ಠಾಣೆಗೆ ಒಯ್ದಿದ್ದ ದಫೇದಾರರು.

"ಮೇಡಂ, ಲ್ಯಾಬಿನಿಂದ ಗೋಲಿದು ರಿಪೋರ್ಟ್ ಬಂತು. ಒಂದು ಎಡವಟ್ಟಾಗಿದೆ. ಅವನ ಹೊಟ್ಟೆಯಲ್ಲಿ ನಿದ್ದೆ ಮಾತ್ರೆಯ ಅಂಶಾನೇ ಇಲ್ಲ."

"ಏನಂದ್ರಿ?"

"ಒಂದು ಚೂರೂ ಇಲ್ಲವಂತೆ. ಇದ್ದಿದ್ದು ಯಾವುದೋ ಕಡಕ್ ನೋವಿನ ಔಷಧಿ, ಹೆಂಡದ ಜೊತೆ ಬೆರೆತದ್ದು."

ಇನ್ಸ್‌ಪೆಕ್ಟರ್ ಗೋಡೆಗೆ ಒರಗಿದರು. ಗೋಲಿಯ ಜೇಬಿನಲ್ಲಿ ಸಿಕ್ಕಿದ್ದ ಎರಡು ಮಾತ್ರೆಗಳನ್ನು ಅವರು ಇಷ್ಟು ದಿನ ತಿಂದು ಉಳಿದದ್ದು ಎಂದುಕೊಂಡಿದ್ದರು. ಉಳಿದದ್ದಲ್ಲ. ಗುಬ್ಬಿ ಕೊಟ್ಟದ್ದೇ ಎರಡು. ಹುಡುಗ ಅದನ್ನು ಮುಟ್ಟಿಯೇ ಇರಲಿಲ್ಲ.

"ಇನ್ನೊಂದು," ದಫೇದಾರರು ದನಿ ತಗ್ಗಿಸಿದರು. "ಗೋಲಿಯ ಅಣ್ಣ ಬಂದು ಕೂತಿದ್ದಾರೆ. ದೂರು ಕೊಟ್ಟವರಲ್ವಾ, ದಿನಾ ಬರೋ ಹಾಗೆ ಇವತ್ತೂ ಬಂದಿದ್ದಾರೆ. ಅವರದೇ ಜಿಮ್‌ನ ಬಾಗಿಲು ಹಾಕ್ಕೊಂಡು ಮೂರು ವಾರದಿಂದ ಇಲ್ಲೇ ಬೆಂಚಿನ ಮೇಲೆ. ತಮ್ಮನ್ನ ಕೊಂದವರು ಸಿಕ್ಕಿದ್ರಾ ಅಂತ ಅದೊಂದೇ ಮಾತು. ನೋಡಿದ್ರೆ ಕರುಳು ಚುರ್ ಅನ್ನುತ್ತೆ."

"ರಿಪೋರ್ಟ್ ವಿಷಯ ಯಾರಿಗೂ ಹೇಳಬೇಡಿ," ಎಂದು ಫೋನಿಟ್ಟು ಇನ್ಸ್‌ಪೆಕ್ಟರ್ ಒಳಗೆ ಬಂದರು. ಐದು ನಿಮಿಷ ಎಂದೋ ಮುಗಿದಿತ್ತು. ಆದರೆ ಇದನ್ನು ಹೇಳದೆ ಹೋಗುವ ಹಾಗಿರಲಿಲ್ಲ.

"ಗುಬ್ಬಿ, ಇಲ್ಲಿ ನೋಡು. ಗೋಲಿ ನಿನ್ನ ಮಾತ್ರೆ ತಿಂದಿರಲಿಲ್ಲ. ಎರಡೂ ಹಾಗೇ ಇದ್ವು, ಜೇಬಿನಲ್ಲಿ. ಕೇಳಿಸ್ತಾ? ಅವನು ಸತ್ತಿದ್ದು ನಿನ್ನಿಂದ ಅಲ್ಲ."

ಹುಡುಗಿ ಅವರ ಮುಖವನ್ನೇ ನೋಡಿದಳು. ಇದು ದೊಡ್ಡವರು ಸಮಾಧಾನಕ್ಕೆ ಹೇಳುವ ಮಾತೋ ನಿಜವೋ ಎಂದು ಅಳೆಯುತ್ತಿರುವಂತೆ. ನಂಬಿಕೆ ಬಂದಿರಬೇಕು, ತುಟಿ ಅದುರಿತು. ಅತ್ತಳು. ನಾಲ್ಕು ದಿನ ಸುಮ್ಮನಿದ್ದ ಆ ಪುಟ್ಟ ಮೈಯೆಲ್ಲ ಅಲುಗಾಡುವ ಹಾಗೆ ಅತ್ತಳು. ತಾಯಿ ತಡೆಯಲಿಲ್ಲ. "ಅಳು ಕಂದಾ," ಎಂದಳು, "ಇವತ್ತು ನಾನೆಲ್ಲೂ ಹೋಗಲ್ಲ."

ಅಳು ಇಳಿದ ಮೇಲೆ ಗುಬ್ಬಿ ಏನನ್ನೋ ಯೋಚಿಸುತ್ತಿರುವಂತೆ ಕಂಡಳು.

"ಹಾಗಾದ್ರೆ ಆ ಬಾಟ್ಲಿನಾ ಆಂಟಿ?"

"ಯಾವ ಬಾಟ್ಲಿ?"

"ಮಾತ್ರೆ ಇಸ್ಕೊಳ್ಳೋವಾಗ ಗೋಲಿ ಹೇಳ್ದ. ನನಗೆ ಮನೆಯಲ್ಲೇ ಔಷಧಿ ಇದೆ, ಅಳು ಬಂದಾಗೆಲ್ಲ ಬಾಟ್ಲಿಯಲ್ಲಿ ಕಲಸಿ ಕೊಡ್ತಾನೆ, ಕುಡಿದ್ರೆ ಏನೂ ಅನ್ನಿಸಲ್ಲ ಅಂತ. ಗಂಡು ಹುಡುಗ ಅಳ್ತಾ ಕೂತ್ರೆ ಮರ್ಯಾದೆ ಹೋಗುತ್ತೆ ಅಂತ ಬೈದು ಕೊಡ್ತಾನಂತೆ."

"ಯಾರು ಕೊಡ್ತಾನೆ?"

"ಅವನ ಅಣ್ಣ."

ಇನ್ಸ್‌ಪೆಕ್ಟರ್ ಟೋಪಿ ಕೈಯಲ್ಲಿ ಹಿಡಿದೇ ಹೊರಗೆ ಧಾವಿಸಿದರು. ದಫೇದಾರರು ಮೊದಲ ಗಂಟೆಗೇ ಫೋನೆತ್ತಿದರು.

"ಗೋಲಿಯ ಅಣ್ಣನ್ನ ಅಲ್ಲೇ ಕೂರಿಸ್ಕೊಳ್ಳಿ. ನಾನು ಬರೋವರೆಗೂ ಹೊರಗೆ ಬಿಡಬೇಡಿ."

ಆ ಕಡೆ ಬೂಟಿನ ಸದ್ದು ಬಾಗಿಲವರೆಗೆ ಹೋಗಿ ಬಂತು.

"ದಫೇದಾರರೇ?"

"ಈಗಷ್ಟೇ ಎದ್ದು ಹೋದ್ರು ಮೇಡಂ. ರಿಪೋರ್ಟ್ ವಿಷಯ ನಾನು ಬಾಯಿ ಬಿಟ್ಟಿಲ್ಲ, ಆಣೆ ಮಾಡಿ ಹೇಳ್ತೀನಿ. ತಮ್ಮನ್ನ ಕಳಕೊಂಡವರು, ಪಾಪ ಅನ್ನಿಸ್ತು. ಧೈರ್ಯವಾಗಿರಿ, ಆ ಹುಡುಗಿಗೆ ಎಚ್ಚರ ಆಗಿದೆ, ಎಲ್ಲಾ ಹೇಳ್ತಾ ಇದ್ದಾಳೆ ಅಂದೆ, ಅಷ್ಟೇ." ದಫೇದಾರರ ದನಿ ಉಡುಗಿತು. "ಯಾವ ವಾರ್ಡು ಅಂತ ಕೇಳಿದ್ರು ಮೇಡಂ. ಹೇಳಿಬಿಟ್ಟೆ."